ಕರೆಂಟು ಹೋದರೆ ಸುಮ್ಮನಾಗುತ್ತಿದ್ದ ಆಕಾಶ

ನನ್ನ ಓದು ನಿಂತದ್ದು ೧೯೮೭ರಲ್ಲಿ. ಏಳನೇ ತರಗತಿ ಪಾಸಾಗಿ ಎಂಟಕ್ಕೆ ಹೆಸರು ಹಚ್ಚಬೇಕಾದ ತಿಂಗಳಲ್ಲೇ ನಿಂತಿತು. ನಾನು ದಡ್ಡ ಅಂತ ಅಲ್ಲ, ಮನೆಯಲ್ಲಿ ಗತಿ ಇರಲಿಲ್ಲ ಅಂತಲೂ ಅಲ್ಲ. ಸುಳ್ಳುಗಾರ ಅಂತ ಬಿಡಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆಯವರು ಇವತ್ತಿಗೂ ಮದುವೆ ಮನೆಗಳಲ್ಲಿ ನನ್ನನ್ನು ಕಂಡರೆ, ಪಾಪ ತಿಪ್ಪೇಶನಿಗೆ ಓದು ಹತ್ತಲಿಲ್ಲ ಅಂತ ಪಕ್ಕದವರ ಕಿವಿಯಲ್ಲಿ ಊದುತ್ತಾರೆ. ಹತ್ತಿತ್ತು. ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಮಾಡಿದರೆ ಎದ್ದು ನಿಂತು ಹೇಳುತ್ತಿದ್ದೆ, ಅದಕ್ಕೆ ಅವರು ಸಿಟ್ಟಾಗದೆ ಸೀಮೆಸುಣ್ಣ ನನ್ನ ಕೈಗೆ ಕೊಡುತ್ತಿದ್ದರು. ಹತ್ತಿದ್ದನ್ನು ಕಿತ್ತು ತೆಗೆದರು ಅಂತ ಯಾರೂ ಹೇಳುವುದಿಲ್ಲ. ಹಾಗೆ ಹೇಳಿದರೆ ಕಿತ್ತವರು ಯಾರು ಅಂತ ಕೇಳಬೇಕಾಗುತ್ತದಲ್ಲ.

ಯಲ್ಲದಕೆರೆಯಿಂದ ಗುಡ್ಡದ ಕಡೆಗೆ ನಡೆದರೆ ಸಿಗುವ ಒಂದು ಹಟ್ಟಿಯಲ್ಲಿ ನಮ್ಮ ಮನೆ. ಮಣ್ಣಿನ ಮಾಳಿಗೆ ಮನೆ. ನಡುಮನೆ, ಅಡುಗೆಮನೆ, ಆಮೇಲೆ ಚಿಕ್ಕಪ್ಪನ ಮದುವೆಗೆಂದು ನಡುಮನೆಯನ್ನೇ ಅಡ್ಡಗೋಡೆ ಹಾಕಿ ಸೀಳಿದ ಒಂದು ಕೋಣೆ. ಹಿಂದೆ ಜಾಲಿಮುಳ್ಳಿನ ಬೇಲಿ ಕಟ್ಟಿದ ಕುರಿ ರೊಪ್ಪ. ಮನೆಯ ಯಾವ ಮೂಲೆಯಲ್ಲಿ ಕೂತರೂ ಕುರಿಹಿಕ್ಕೆಯ ವಾಸನೆ ಜೊತೆಗೇ ಕೂತಿರುತ್ತಿತ್ತು. ಮಧ್ಯಾಹ್ನಕ್ಕೆ ಮುದ್ದೆ, ಹುರಳಿಕಾಳಿನ ಬಸ್ಸಾರು, ಮಜ್ಜಿಗೆ. ಅವ್ವ ಮುದ್ದೆ ಕಟ್ಟುವಾಗ ದೊಡ್ಡದು ಅಪ್ಪನಿಗೆ, ಅದಕ್ಕಿಂತ ಒಂದು ಹಿಡಿ ಕಡಿಮೆಯದು ಚಿಕ್ಕಪ್ಪನಿಗೆ, ಉಳಿದದ್ದು ನಮಗೆ. ನಡುಮನೆಯ ಗೋಡೆಯಲ್ಲಿ ದೀಪದ ಗೂಡು ಇತ್ತು. ಅದರ ಪಕ್ಕದ ಗೂಡಿನಲ್ಲಿ ಚರ್ಮದ ಚೀಲ ತೊಟ್ಟ ರೇಡಿಯೋ ಕೂತಿರುತ್ತಿತ್ತು. ಶೆಲ್ಲಿನ ರೇಡಿಯೋ. ನನ್ನ ಅಜ್ಜ ತಂದದ್ದು.

ಬೇರೆ ಮನೆಗಳಲ್ಲಿ ರೇಡಿಯೋ ಹಾಡುವುದಕ್ಕೆ ಇತ್ತು. ನಮ್ಮ ಮನೆಯದು ಸಿಡಿಲು ಕೇಳುವುದಕ್ಕೆ. ಹೇಗೆಂದರೆ, ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಜಾಗದಲ್ಲಿ ನಿಲ್ಲಿಸಿದರೆ ಬರೀ ಉಸಿರಾಡಿದಂಥ ಒಂದು ಸದ್ದು ಇರುತ್ತದೆ. ಎಲ್ಲೋ ಮಿಂಚು ಹೊಡೆದರೆ ಆ ಸದ್ದಿನಲ್ಲಿ ಚಟ್ ಅಂತ ಒಂದು ಕಿಡಿ ಕೇಳಿಸುತ್ತದೆ. ಗುಡುಗು ಕಿವಿಗೆ ಬೀಳುವುದಕ್ಕೆ ಎಷ್ಟೋ ಮೊದಲು, ಮೋಡ ಇನ್ನೂ ಗುಡ್ಡದ ಆಚೆಗಿರುವಾಗಲೇ ರೇಡಿಯೋಕ್ಕೆ ಅದು ಗೊತ್ತಾಗಿಬಿಡುತ್ತದೆ. ಅಜ್ಜನಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ವಾರ್ತೆ ಕೇಳುತ್ತಾ ಕೂತಾಗ ತಾನೇ ಕಂಡುಕೊಂಡದ್ದು. ಖಾಲಿ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟಿದ್ದ. ಅದಕ್ಕೆ ನಮ್ಮ ಮನೆಯಲ್ಲಿ ಬಯಲು ಅಂತ ಹೆಸರು. ಭರಣಿ ಮಳೆಯಿಂದ ರೋಹಿಣಿ ಮುಗಿಯುವವರೆಗೆ ಮಧ್ಯಾಹ್ನದ ಹೊತ್ತು ಮುಳ್ಳನ್ನು ಬಯಲಿನಿಂದ ಅಲ್ಲಾಡಿಸುವಂತಿರಲಿಲ್ಲ. ಹಾಡಿನ ಹೊತ್ತಿಗೆ ಅವ್ವ, ಅಜ್ಜಿ ಎಷ್ಟು ಗೊಣಗಿದರೂ ಕಟ್ಟು ಕಟ್ಟೇ. ನಮ್ಮ ಕುರಿ ಮೇಯುತ್ತಿದ್ದದ್ದು ಗುಡ್ಡದ ಈಚೆ ಇಳಿಜಾರಿನಲ್ಲಿ, ಮೋಡ ಏಳುತ್ತಿದ್ದದ್ದು ಆಚೆ. ತಲೆಯ ಮೇಲೆ ಬರುವವರೆಗೂ ಕಾಣುತ್ತಿರಲಿಲ್ಲ. ಸಿಡಿಲಿಗೆ ಬೆದರಿದ ಕುರಿ ಒಂದು ಮರದ ಬುಡಕ್ಕೆ ಹೋಗಿ ಗುಂಪುಗೂಡುತ್ತದೆ, ಸಿಡಿಲು ಅದೇ ಮರವನ್ನು ಹುಡುಕಿಕೊಂಡು ಬರುತ್ತದೆ. ರೇಡಿಯೋ ಹೊತ್ತುಕೊಂಡು ಹೋದರೆ ಕುರಿಗಂಟೆ, ಗಾಳಿ, ಕೂಗಾಟದಲ್ಲಿ ಏನೂ ಕೇಳುವುದಿಲ್ಲ. ಅದಕ್ಕೆ ಮನೆಯಲ್ಲಿ ಒಬ್ಬರು ಕೇಳಬೇಕು. ಕಿಡಿ ಹತ್ತಿರವಾದರೆ ಮಾಳಿಗೆ ಹತ್ತಿ, ಅವ್ವನ ಹಳೇ ಕೆಂಪು ಸೀರೆಯ ತುಂಡನ್ನು ಬಿದಿರು ಗಳಕ್ಕೆ ಕಟ್ಟಿ ನಿಲ್ಲಿಸಬೇಕು. ಇಳಿಜಾರಿನಿಂದ ಅದು ಕಾಣುತ್ತದೆ. ಅಪ್ಪ ಕುರಿ ತಿರುಗಿಸುತ್ತಾನೆ.

ಅಜ್ಜ ಸಾಯುವ ಮೊದಲು ಆ ಕೆಲಸವನ್ನು ನನಗೆ ಕೊಟ್ಟ. ಅಪ್ಪನಿಗೆ ಕೊಡಲಿಲ್ಲ, ಚಿಕ್ಕಪ್ಪನಿಗೆ ಕೊಡಲಿಲ್ಲ. ಎರಡು ಬೇಸಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ.

“ಜ್ವಾಳ ಹುರಿದಂಗೆ ಬಂದ್ರೆ ದೂರ ಐತೆ ಅಂತ. ಬಟ್ಟೆ ಹರಿದಂಗೆ ಬಂದ್ರೆ ಎದ್ದು ಓಡು, ಅನುಮಾನ ಮಾಡ್ಬ್ಯಾಡ. ನಿನ್ನ ಕಿವಿ ಚೆನ್ನಾಗೈತೆ ಕಣಲೇ.”

ಆ ಮಾತನ್ನು ಎದೆಯಲ್ಲಿ ಇಟ್ಟುಕೊಂಡಿದ್ದೆ. ಬೇಸಿಗೆ ರಜೆಯಲ್ಲಿ ಹಟ್ಟಿಯ ಹುಡುಗರೆಲ್ಲ ಬಾವಿಗೆ ಹಾರುತ್ತಿದ್ದರೆ ನಾನು ಗೂಡಿನ ಕೆಳಗೆ ಕೂತು ಬಯಲು ಕೇಳುತ್ತಿದ್ದೆ. ಮೂರು ಬೇಸಿಗೆಯಲ್ಲಿ ನಾನು ಬಟ್ಟೆ ಹಾರಿಸಿ ಸಿಡಿಲು ಬಾರದೆ ಹೋದದ್ದು ಒಂದು ಸಲವೂ ಇಲ್ಲ. ಅಪ್ಪ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ, ನನ್ನ ಮಗನ ಕಿವಿ ಅಂತ. ಅಷ್ಟು ಮಾತ್ರದ ಹೆಮ್ಮೆ ನನಗೆ ಇತ್ತು. ಅದನ್ನೂ ಕಿತ್ತುಕೊಂಡರು, ಅದೂ ಒಂದು ಫ್ಯಾನಿಗಾಗಿ.

ಆ ವರ್ಷ ಚಿಕ್ಕಪ್ಪನ ಮದುವೆಯಾಯಿತು. ಚಿಕ್ಕಪ್ಪ ಅಂದರೆ ಅಪ್ಪನ ಒಬ್ಬನೇ ತಮ್ಮ, ಓಬಳೇಶ. ಮಾವನ ಮನೆಯವರು ಅವನಿಗೆ ಒಂದು ಟೇಬಲ್ ಫ್ಯಾನು ಕೊಟ್ಟರು. ಹಟ್ಟಿಗೆ ಕರೆಂಟಿನ ಕಂಬ ಬಂದಿತ್ತು, ತಂತಿ ಬಂದಿತ್ತು, ಆದರೆ ನಮ್ಮ ಮನೆಗೆ ಮೀಟರು ಬಂದಿರಲಿಲ್ಲ. ಚಿಕ್ಕಪ್ಪ ಏನು ಮಾಡಿದ ಅಂದರೆ, ತನ್ನ ಕೋಣೆಯ ಹಿಂದಿದ್ದ ಕಂಬದ ತಂತಿಗೆ ಒಂದು ಕೊಕ್ಕೆ ನೇತುಹಾಕಿದ. ತುಕ್ಕು ಹಿಡಿದ ಕಬ್ಬಿಣದ ಕೊಕ್ಕೆ. ಮಧ್ಯಾಹ್ನ ಉಂಡು ಮಲಗುವಾಗ ಗಳದಿಂದ ಸಿಕ್ಕಿಸುವುದು, ಎದ್ದ ಮೇಲೆ ತೆಗೆಯುವುದು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊರಗಿನವರ ಮುಂದೆ ಕೊಕ್ಕೆ ಅನ್ನುವ ಮಾತನ್ನೇ ಎತ್ತಬಾರದು ಅಂತ ಅಜ್ಜಿ ನಮಗೆಲ್ಲ ಹೇಳಿದ್ದಳು. ಲೈನ್‌ಮ್ಯಾನ್ ಬಂದರೆ ಅವನಿಗೆ ಮಜ್ಜಿಗೆ ಕೊಟ್ಟು ಮುಂಬಾಗಿಲಲ್ಲೇ ಕೂರಿಸುತ್ತಿದ್ದಳು.

ಭರಣಿ ಮಳೆ ಹುಟ್ಟಿದ ವಾರವೇ ನನ್ನ ಬಯಲು ಕೆಟ್ಟಿತು. ಒಂದು ಮಧ್ಯಾಹ್ನ ಕೂತು ಮುಳ್ಳು ಚುಕ್ಕೆಗೆ ತಂದರೆ ರೇಡಿಯೋ ತುಂಬಾ ಚರಚರ. ಗಾಳಿ ಬೀಸಿದಾಗ ಜಾಸ್ತಿ, ನಿಂತಾಗ ಕಡಿಮೆ. ಗಾಳಿ ಎದ್ದ ಮೇಲೆ ಮಳೆ ಬರುವುದು ಲೋಕರೂಢಿ, ಹಾಗಾಗಿ ಅದನ್ನು ನಾನು ಮೋಡದ್ದೇ ಸದ್ದು ಅಂದುಕೊಂಡೆ. ಬಟ್ಟೆ ಹರಿದಂತೆಯೇ ಕೇಳುತ್ತಿತ್ತು. ಓಡಿಹೋಗಿ ಗಳ ನಿಲ್ಲಿಸಿದೆ. ಅಪ್ಪ ಕುರಿ ಹೊಡೆದುಕೊಂಡು ಬೆವರು ಸುರಿಸುತ್ತಾ ಬಂದ. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಮಾರನೇ ದಿನವೂ ಹಾಗೇ ಆಯಿತು. ಮೂರನೇ ದಿನ ಅರ್ಧ ಹೊಟ್ಟೆಯ ಕುರಿ ರೊಪ್ಪದಲ್ಲಿ ಅರಚುತ್ತಿರುವಾಗ ಅಪ್ಪ ನನ್ನನ್ನು ಒಂದು ನೋಟ ನೋಡಿದ. ಹೊಡೆದಿದ್ದರೆ ಮರೆಯುತ್ತಿದ್ದೆ, ಆ ನೋಟ ಮರೆತಿಲ್ಲ.

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಏನು ಕೆಟ್ಟಿದೆ ಅಂತ ಹುಡುಕಿದೆ. ಶೆಲ್ಲು ತೆಗೆದು ಬಿಸಿಲಿಗಿಟ್ಟೆ, ಆಂಟೆನಾ ಒರೆಸಿದೆ, ಕಿವಿಗೆ ಎಣ್ಣೆ ಬಿಟ್ಟುಕೊಂಡೆ. ಹುಡುಕುತ್ತಾ ಹುಡುಕುತ್ತಾ ಒಂದು ವಿಷಯ ಗೊತ್ತಾಯಿತು. ನಮ್ಮಲ್ಲಿ ಮಧ್ಯಾಹ್ನ ಆಗಾಗ ಕರೆಂಟು ಹೋಗುತ್ತಿತ್ತು. ಹೋದ ತಕ್ಷಣ ಚರಚರ ನಿಂತು ಬಯಲು ಮೊದಲಿನಂತೆ ಉಸಿರಾಡುತ್ತಿತ್ತು. ಬಂದ ತಕ್ಷಣ ಮತ್ತೆ ಶುರು. ಮಾರನೇ ದಿನ ಅಪ್ಪನೂ ಉಣ್ಣುವುದಕ್ಕೆ ಮನೆಗೆ ಬಂದಿದ್ದ, ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ.

“ಅಪ್ಪ, ಕರೆಂಟ್ ಹೋದ್ರೆ ಆಕಾಶ ಸುಮ್ಮನಾಗತೈತೆ.”

ನಡುಮನೆ ನಕ್ಕಿತು. ಅಜ್ಜಿ ನಕ್ಕಳು, ಹೊಸದಾಗಿ ಬಂದ ಚಿಕ್ಕಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಪ್ಪ ಕೂಡ, ಮೋಡಕ್ಕೂ ಮೀಟರ್ ಹಾಕ್ಯಾರೇನ್ಲೇ ಅಂದ. ನಗದೆ ಇದ್ದದ್ದು ಚಿಕ್ಕಪ್ಪ ಒಬ್ಬನೇ. ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನಲ್ಲೇ ನಿಂತಿತು. ಊಟವಾದ ಮೇಲೆ ಅವನು ಫ್ಯಾನು ಹಚ್ಚಿ ನನ್ನ ಹತ್ತಿರ ಬಂದು, ಎಂದೂ ಇಲ್ಲದವನು, ರೇಡಿಯೋಕ್ಕೆ ಕಿವಿ ಕೊಟ್ಟ. ಚರಚರ ಕೇಳಿದ. ಎದ್ದು ಕೋಣೆಯ ಹಿಂದಕ್ಕೆ ಹೋದ. ಚರಚರ ನಿಂತಿತು. ಅವನು ಬಾಗಿಲಿಗೆ ಬಂದು, ನಿಂತದ್ದನ್ನು ಕೇಳಿ, ಮತ್ತೆ ಹಿಂದಕ್ಕೆ ಹೋದ. ಚರಚರ ಬಂತು. ಆಮೇಲೆ ಒಳಗೆ ಹೋಗಿ ಫ್ಯಾನಿನ ಮುಂದೆ ಮಲಗಿದ. ನನಗೆ ಹದಿಮೂರು ವರ್ಷ, ಕರೆಂಟಿನ ಗಂಧ ಗಾಳಿ ಗೊತ್ತಿರಲಿಲ್ಲ. ಕಣ್ಣೆದುರು ಉತ್ತರ ಎರಡು ಸಲ ನಡೆದುಹೋದರೂ ಹಿಡಿಯಲಾಗಲಿಲ್ಲ. ಹಿಡಿದವನು ಅವನು. ಹಿಡಿದು, ನುಂಗಿಕೊಂಡ. ನುಂಗಿಕೊಂಡಿದ್ದರೂ ಸಾಕಿತ್ತು. ಸಂಜೆ ಅಪ್ಪನ ಪಕ್ಕ ಕೂತು, ಹುಡುಗನಿಗೆ ನೀವೆಲ್ಲ ಹೊಗಳಿ ಹೊಗಳಿ ತಲೆ ತಿರುಗಿದೆ, ಮೇಲೆ ಹತ್ತಿ ಬಟ್ಟೆ ಹಾರಿಸುವುದು ಅವನಿಗೆ ಆಟ ಆಗಿದೆ ಅಂತ ಹೇಳಿದ. ನಾನು ಜಗಲಿ ಕಂಬದ ಮರೆಯಲ್ಲಿ ನಿಂತು ಕೇಳಿದೆ. ಅಪ್ಪ ಹೂಂ ಅಂದ.

ಅದಾಗಿ ಮೂರನೆಯ ದಿನ. ಊಟಕ್ಕಿಂತ ಮುಂಚೆಯೇ ಕರೆಂಟು ಹೋಯಿತು. ಬೆವರುತ್ತಾ ಚಿಕ್ಕಪ್ಪ ಅಂಗಳದಲ್ಲಿ ಕೂತಿದ್ದ. ಬಯಲು ಶುದ್ಧವಾಗಿತ್ತು. ನಾನು ಮುಳ್ಳು ಚುಕ್ಕೆಗೆ ತಂದು ಕೂತೆ. ಮೊದಲು ಒಂದು ಚಟ್. ತಡೆದು ಎರಡು. ಆಮೇಲೆ ಜೋಳ ಹುರಿದಂತೆ. ಕರೆಂಟು ಇಲ್ಲ, ಆದರೂ ಸದ್ದು ಇದೆ. ಇದು ಆಕಾಶದ್ದೇ. ಎಷ್ಟೋ ದಿನಗಳ ಮೇಲೆ ನನ್ನ ಆಕಾಶ ನನಗೆ ಸಿಕ್ಕಿತ್ತು. ಬಟ್ಟೆ ಹರಿದ ಸದ್ದು ಬಂದದ್ದೇ ಮಾಳಿಗೆ ಹತ್ತಿ ಗಳ ನಿಲ್ಲಿಸಿದೆ. ಇಳಿಜಾರಿನಲ್ಲಿ ಅಪ್ಪನ ಬಿಳಿ ರುಮಾಲು ಕಾಣುತ್ತಿತ್ತು. ರುಮಾಲು ನನ್ನ ಕಡೆ ತಿರುಗಿತು. ನೋಡಿದ, ಖಂಡಿತ ನೋಡಿದ. ಆಮೇಲೆ ಬೆನ್ನು ತಿರುಗಿಸಿ ಕುರಿಯನ್ನು ಇನ್ನೂ ಮೇಲಕ್ಕೆ ಹೊಡೆದ. ನಾನು ಗಳ ಅಲ್ಲಾಡಿಸಿದೆ, ಕೂಗಿದೆ, ಇಳಿದು ಗುಡ್ಡದ ಕಡೆ ಓಡಿದೆ. ಅಂಗಳ ದಾಟುವಾಗ ಚಿಕ್ಕಪ್ಪ ನನ್ನ ರಟ್ಟೆ ಹಿಡಿದ.

“ಎಲ್ಲಿಗ್ಲೇ? ನಿನ್ನ ಆಟ ಸಾಕು, ಕುಂತ್ಕ.”

“ಕರೆಂಟ್ ಇಲ್ಲ ಚಿಕ್ಕಪ್ಪ, ಆದ್ರೂ ಬರ್ತೈತೆ. ಇದು ಖರೇ ಸಿಡ್ಲು.”

ಅವನಿಗೆ ಅರ್ಥವಾಯಿತು. ಹಟ್ಟಿಯಲ್ಲಿ ಆ ಮಾತು ಅರ್ಥವಾಗಬಹುದಾಗಿದ್ದ ಒಬ್ಬನೇ ಮನುಷ್ಯ ಅವನು. ಹಿಡಿದ ಕೈ ಸಡಿಲವಾದದ್ದು ನನಗೆ ಗೊತ್ತಾಯಿತು. ಆದರೆ ಅವನು ಏಳಲಿಲ್ಲ, ಓಡಲಿಲ್ಲ, ಅಣ್ಣನನ್ನು ಕೂಗಲಿಲ್ಲ. ನಾನು ಓಡಿದೆ. ಅರ್ಧ ದಾರಿಯಲ್ಲಿರುವಾಗ ಗುಡ್ಡದ ತಲೆಯ ಮೇಲೆ ಕಪ್ಪು ಎದ್ದಿತು, ಎದ್ದ ಕೂಡಲೇ ಹೊಡೆಯಿತು. ಹುಣಸೆಮರದ ಬುಡದಲ್ಲಿ ಇಪ್ಪತ್ತೆರಡು ಕುರಿ. ಕಾಲು ಚಾಚಿಕೊಂಡು, ಉಣ್ಣೆ ಸುಟ್ಟ ವಾಸನೆಯಲ್ಲಿ. ಅಪ್ಪ ಅಲ್ಲಿಂದ ಸ್ವಲ್ಪ ದೂರದಲ್ಲಿ ಬಿದ್ದಿದ್ದ. ಬದುಕಿದ್ದ. ಎಡಗಿವಿಯಿಂದ ರಕ್ತ ಬರುತ್ತಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ.

ಇಷ್ಟಾದ ಮೇಲಾದರೂ ನಾನು ಹೇಳಿದ್ದು ನಿಜವಾಯಿತಲ್ಲ ಅಂತ ಒಬ್ಬರಾದರೂ ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಮೂರು ದಿನ ಸುಳ್ಳು ಬಟ್ಟೆ ಹಾರಿಸಿ, ನಿಜವಾದದ್ದಕ್ಕೆ ಬೆಲೆ ಇಲ್ಲದ ಹಾಗೆ ಮಾಡಿದವನು ನಾನೇ ಅಂತ ತೀರ್ಮಾನವಾಯಿತು. ಕುರಿ ಹೂತು ಬಂದ ಜನ ನಮ್ಮ ಜಗಲಿಯ ಮೇಲೆ ಕೂತು ತೀರ್ಮಾನ ಮಾಡಿದರು. ಚಿಕ್ಕಪ್ಪ ಅವರಿಗೆ ನೀರು ಕೊಡುತ್ತಾ ಓಡಾಡಿದ. ಅಪ್ಪ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಅವನು ಅವತ್ತು ಹೇಳಿದ್ದು ಎರಡೇ ಮಾತು.

“ಸುಳ್ಳು ಕಲಿಯಾಕೆ ಸಾಲಿಗೆ ಹೋಗೋದು ಬ್ಯಾಡ. ನಾಳಿಂದ ಕುರಿ ಹಿಂದೆ ಬಾ.”

ಅಪ್ಪನಿಗೆ ಒಂದು ಕಿವಿ ಹೋದ ಮೇಲೆ ಕುರಿ ಕಾಯುವುದಕ್ಕೆ ಇನ್ನೊಂದು ಆಳು ಬೇಕಿತ್ತು, ಅದು ನಿಜ. ಚಿಕ್ಕಪ್ಪ ಹೋಗಬಹುದಿತ್ತು. ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಲೆಕ್ಕದ ಮೇಷ್ಟ್ರು ಯಲ್ಲದಕೆರೆಯಿಂದ ಸೈಕಲ್ ತುಳಿದುಕೊಂಡು ಬಂದು ಅಪ್ಪನ ಹತ್ತಿರ ಮಾತಾಡಿದರು. ಅಪ್ಪ ಎಡಗಿವಿಯನ್ನು ಅವರ ಕಡೆಗೆ ಕೊಟ್ಟು ಕೂತಿದ್ದ. ಅವ್ವ ಒಬ್ಬಳೇ, ಒಲೆಯ ಮುಂದೆ, ನನ್ನ ಮಗ ಸುಳ್ಳು ಹೇಳೋನಲ್ಲ ಅಂತ ಅಂದಳು. ಒಲೆಗೆ ಹೇಳಿದಳು. ಜಗಲಿಗೆ ಬಂದು ಹೇಳಲಿಲ್ಲ.

ಮೂರು ವರ್ಷ ಕುರಿ ಹಿಂದೆ ತಿರುಗಿದೆ. ಹದಿನಾರಕ್ಕೆ ಹಿರಿಯೂರಿಗೆ ಹೋಗಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಗೆ ಸೇರಿದೆ. ಮಾಲೀಕರು ಒಬ್ಬ ಸಾಬರು. ಮಾತು ಕಡಿಮೆ, ಕೆಲಸ ಚೊಕ್ಕ. ಅಂಗಡಿಯಲ್ಲಿ ರೇಡಿಯೋ ಇತ್ತು. ಒಂದು ದಿನ ಅವರು ಡ್ರಿಲ್ಲಿಂಗ್ ಮಷೀನು ಹಚ್ಚಿದ ಕೂಡಲೇ ರೇಡಿಯೋ ಚರಚರ ಅಂದಿತು. ಎಷ್ಟೋ ವರ್ಷಗಳ ಮೇಲೆ ಆ ಸದ್ದು ಕೇಳಿ ಕೈಯಲ್ಲಿದ್ದ ತಂತಿ ಸುರುಳಿ ಬಿಟ್ಟುಬಿಟ್ಟೆ. ಇದು ಯಾಕೆ ಹೀಗೆ ಅಂತ ಕೇಳಿದೆ. ಅವರು ಮಷೀನಿನ ಒಳಗೆ ತಿರುಗುವ ಭಾಗಕ್ಕೆ ಉಜ್ಜುವ ಕಾರ್ಬನ್ ತುಂಡು ತೋರಿಸಿದರು, ಅದರ ತುದಿಯಲ್ಲಿ ನೀಲಿ ಕಿಡಿ ಆಡುತ್ತಿತ್ತು.

“ಎಲ್ಲಿ ಕಿಡಿ ಐತೋ ಅಲ್ಲಿ ರೇಡಿಯೋ ಬಡ್ಕೊಂತೈತೆ ನೋಡಪ್ಪ. ಮೋಡದ ಕಿಡಿ ಏನು, ಮಷೀನ್ ಕಿಡಿ ಏನು, ಅದಕ್ಕೆ ಎರಡೂ ಒಂದೇ. ಲೂಸ್ ತಂತಿ ಇದ್ರೂ ಸಾಕು.”

ಲೂಸ್ ತಂತಿ. ಗಾಳಿಗೆ ಅಲ್ಲಾಡುವ ತುಕ್ಕಿನ ಕೊಕ್ಕೆ. ಕೋಣೆಯ ಹಿಂದಕ್ಕೆ ಎರಡು ಸಲ ಹೋಗಿ ಬಂದ ಚಿಕ್ಕಪ್ಪ. ಅವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಸಾಬರು ಏನಾಯ್ತಪ್ಪ ಅಂತ ಎರಡು ಸಲ ಕೇಳಿದರು. ಬಿದ್ದ ಸುರುಳಿ ಎತ್ತಿಕೊಂಡು ತಂತಿ ಸುತ್ತತೊಡಗಿದೆ.

ಯುಗಾದಿಗೆ ಊರಿಗೆ ಹೋದೆ. ಹೋಳಿಗೆ ಊಟವಾಗಿ ಚಿಕ್ಕಪ್ಪ ಮಲಗಿದ್ದ, ಫ್ಯಾನು ತಿರುಗುತ್ತಿತ್ತು, ಕೊಕ್ಕೆ ಅದೇ ಕೊಕ್ಕೆ. ಗೂಡಿನಿಂದ ಅಜ್ಜನ ರೇಡಿಯೋ ತೆಗೆದು ಹೊಸ ಶೆಲ್ಲು ಹಾಕಿ, ಸುಣ್ಣದ ಚುಕ್ಕೆಗೆ ಮುಳ್ಳು ಇಟ್ಟೆ. ಕೈಯಲ್ಲಿ ಹಿಡಿದು ಮನೆ ಸುತ್ತಿದೆ. ರೊಪ್ಪದ ಹತ್ತಿರ ಸಣ್ಣ ಸದ್ದು. ಅಡುಗೆಮನೆಯ ಹಿಂದೆ ಇನ್ನಷ್ಟು. ಕಂಬದ ಬುಡಕ್ಕೆ ಬಂದಾಗ ರೇಡಿಯೋ ಕೈಯಲ್ಲಿ ಹಿಡಿಯಲಾಗದಷ್ಟು ಕಿರುಚಿತು. ಅದೇ ಒಣಬಿದಿರಿನ ಗಳ, ಕೆಂಪು ಬಟ್ಟೆ ಕಟ್ಟುತ್ತಿದ್ದ ಗಳ, ತಂದು ಕೊಕ್ಕೆ ತಪ್ಪಿಸಿದೆ. ಬಯಲು ಉಸಿರಾಡಿತು. ಸಿಕ್ಕಿಸಿದೆ, ಕಿರುಚಿತು. ತಪ್ಪಿಸಿದೆ. ಫ್ಯಾನು ನಿಂತದ್ದಕ್ಕೆ ಚಿಕ್ಕಪ್ಪ ಕಣ್ಣುಜ್ಜಿಕೊಂಡು ಹೊರಗೆ ಬಂದ. ಅಪ್ಪನೂ ಅವ್ವನೂ ಬಂದರು. ಅಪ್ಪನ ಬಲಗಿವಿಗೆ ರೇಡಿಯೋ ಹಿಡಿದು, ಅವನ ಕಣ್ಣೆದುರಿಗೇ ಮೂರು ಸಲ ಸಿಕ್ಕಿಸಿ ತಪ್ಪಿಸಿ ತೋರಿಸಿದೆ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದೆ. ನಿನಗೆ ಗೊತ್ತಿತ್ತು ಅಂದೆ. ಅವನು ಇಲ್ಲ ಅನ್ನುತ್ತಾನೆ ಅಂತ ಮುಷ್ಟಿ ಬಿಗಿದುಕೊಂಡಿದ್ದೆ.

“ಗೊತ್ತಾತು ಕಣಲೇ. ಹೇಳಿದ್ರೆ ಅಣ್ಣ ಕೊಕ್ಕೆ ಕೀಳಿಸ್ತಿದ್ದ. ಆಕಿ ಬಂದು ಎರಡು ತಿಂಗ್ಳಾಗಿತ್ತು, ಮಾವ ಕೊಟ್ಟ ಫ್ಯಾನು. ಸಿಡ್ಲು ಹೊಡಿತೈತೆ ಅಂತ ನಾನೇನು ಕನಸು ಕಂಡಿದ್ನಾ?”

ಎಷ್ಟು ಸಲೀಸಾಗಿ ಹೇಳಿದ ಅಂದರೆ, ಚಪ್ಪಲಿ ಎಲ್ಲಿಟ್ಟೆ ಅಂತ ಕೇಳಿದವನಿಗೆ ಹೇಳಿದ ಹಾಗೆ. ನಾನು ಅವನನ್ನು ಬಿಟ್ಟು ಅಪ್ಪನ ಮುಂದೆ ನಿಂತೆ.

“ನಾನು ಸುಳ್ಳು ಹೇಳಿದ್ನಾ ಇಲ್ವಾ? ಅಷ್ಟು ಹೇಳು ಸಾಕು.”

“ಆತು ಬಿಡಲೇ. ಹಬ್ಬದ ದಿನ ಮನೆ ಎರಡು ಮಾಡ್ಬ್ಯಾಡ.”

ನಾನು ಮತ್ತೆ ಕೇಳಿದೆ. ಅಪ್ಪ ಮುಖ ತಿರುಗಿಸಿದ. ಎಡಗಿವಿ ನನ್ನ ಕಡೆಗೆ ಬಂತು. ಮೂರನೇ ಸಲ ಕೇಳಿದೆನೋ ಇಲ್ಲವೋ ನೆನಪಿಲ್ಲ. ರೇಡಿಯೋ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ರಸ್ತೆಗೆ ಬರುವವರೆಗೂ ಯಾರೂ ಕೂಗಲಿಲ್ಲ.

ಆಮೇಲಿನ ಬದುಕು ನಾನೇ ಕಟ್ಟಿದ್ದು. ಚಿತ್ರದುರ್ಗದಲ್ಲಿ ನನ್ನದೇ ಅಂಗಡಿ ಮಾಡಿದೆ. ರೇಡಿಯೋ ರಿಪೇರಿ ಕಾಲ ಮುಗಿಯಿತು ಅಂತ ಜನ ಅಂದಾಗ ಗುಡ್ಡದ ಗಾಳಿಗಿರಣಿಗಳ ಕೆಲಸದವರು ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟುಗಳನ್ನು ತಂದರು, ಮಾತು ಕೇಳಿಸುವುದಿಲ್ಲ ಬರೀ ಗೊರಗೊರ ಅಂತ. ಸೆಟ್ಟಿನಲ್ಲಿ ಏನೂ ದೋಷ ಇರುವುದಿಲ್ಲ. ನಾನು ಹೋಗಿ ಅವರ ಶೆಡ್ಡಿನಲ್ಲಿ ಹಾಕಿದ ಅಗ್ಗದ ಎಲ್‌ಇಡಿ ಬಲ್ಬು ಕೀಳಿಸುತ್ತೇನೆ, ಸೆಟ್ಟು ಮಾತಾಡುತ್ತದೆ. ಹೊಸದುರ್ಗದ ಕಡೆ ಒಂದು ತೋಟದಲ್ಲಿ ಹಂದಿ ಓಡಿಸುವ ಕರೆಂಟು ಶಾಕಿನ ಬೇಲಿಯ ತಂತಿ ಹಸಿ ಗಿಡಕ್ಕೆ ತಾಗಿ ಟಕ್ ಟಕ್ ಅಂತ ಸುತ್ತಮುತ್ತಲ ರೇಡಿಯೋಗಳನ್ನೆಲ್ಲ ಕೊಲ್ಲುತ್ತಿತ್ತು. ಹೊಳಲ್ಕೆರೆಯಲ್ಲಿ ಒಬ್ಬರು ಮೋಡ, ಬಿಸಿಲು, ಗ್ರಹಗತಿ ಎಲ್ಲವನ್ನೂ ಬೈದು ಆದ ಮೇಲೆ ನೋಡಿದರೆ ಅವರದೇ ಮೊಬೈಲ್ ಚಾರ್ಜರು. ಎಲ್ಲ ಕಡೆ ಇದೇ. ಮೊದಲು ಆಕಾಶದ ಮೇಲೆ ಹಾಕುತ್ತಾರೆ, ಆಮೇಲೆ ಸೆಟ್ಟಿನ ಮೇಲೆ, ಆಮೇಲೆ ಕೇಳಿದವನ ಕಿವಿಯ ಮೇಲೆ. ತಮ್ಮ ಗೋಡೆಯೊಳಗೆ ಏನು ಉರಿಯುತ್ತಿದೆ ಅಂತ ನೋಡುವುದು ಕೊನೆಗೆ. ಆ ಕೊನೆಯ ಕೆಲಸಕ್ಕೇ ನನ್ನನ್ನು ಕರೆಯುತ್ತಾರೆ. ಹೋಗುತ್ತೇನೆ, ಹುಡುಕುತ್ತೇನೆ, ಮನೆಯವರೆಲ್ಲರನ್ನೂ ನಿಲ್ಲಿಸಿ ಎಲ್ಲರೂ ಕೇಳುವ ಹಾಗೆ ಹೇಳುತ್ತೇನೆ, ಸೆಟ್ಟು ಸುಳ್ಳು ಹೇಳಲಿಲ್ಲ ಅಂತ. ಕೆಲವರು ಇವನಿಗೆ ಯಾಕಿಷ್ಟು ಸಿಟ್ಟು ಅಂತ ನಗುತ್ತಾರೆ. ನಗಲಿ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಆಮೇಲೆ ಅವ್ವ ಒಂದು ವಿಷಯ ಹೇಳಿದಳು. ನಾನು ಮನೆ ಬಿಟ್ಟ ಮೇಲೆ, ಮಾಳಿಗೆಯ ಮೇಲೆ ಯಾರಾದರೂ ಕೆಂಪು ಬಟ್ಟೆ ಒಣಗಿಹಾಕಿದ್ದನ್ನು ಅಪ್ಪ ಕಂಡರೆ, ಬಿಸಿಲು ಕಾಯುತ್ತಿದ್ದರೂ ಕುರಿ ತಿರುಗಿಸಿಕೊಂಡು ಬರುತ್ತಿದ್ದನಂತೆ. ಅವ್ವ ಅದನ್ನು ಹೇಳಿ ನನ್ನ ಮುಖ ನೋಡಿದಳು, ನಾನು ಕರಗುತ್ತೇನೆ ಅಂತ. ನಾನು ಕರಗಲಿಲ್ಲ. ಬಾಯಲ್ಲಿ ಒಂದು ಮಾತು ಹೇಳುವುದನ್ನು ಬಿಟ್ಟು ಕುರಿಗಳಿಗೆ ಹೇಳಿದರೆ ನನಗೆ ಹೇಗೆ ಕೇಳಬೇಕು? ನಾನು ಹಿರಿಯೂರಿನಲ್ಲಿ ಇದ್ದೆ. ಬಸ್ಸಿತ್ತು.

ಚಿಕ್ಕಪ್ಪ ಇದ್ದಾನೆ. ಮೊನ್ನೆ ಫೋನ್ ಮಾಡಿ, ತನ್ನ ರೇಡಿಯೋ ಗೊರಗೊರ ಅಂತೈತೆ, ಬಂದು ನೋಡ್ತೀಯೇನಪ್ಪ ಅಂತ ಕೇಳಿದ. ನಿನ್ನ ಮನೆಯಲ್ಲಿ ಇರೋದನ್ನೆಲ್ಲ ಒಂದೊಂದಾಗಿ ಆರಿಸ್ಕಂತ ಬಾ, ಮೊದ್ಲು ಫ್ಯಾನು ಅಂದೆ. ಲೈನು ಚೆನ್ನಾಗಿತ್ತು, ಅವನ ಉಸಿರು ಕೇಳುತ್ತಿತ್ತು. ಆಮೇಲೆ ಅವನೇ ಇಟ್ಟ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂದು ಅಂಗಡಿ. ಅದರ ಮೇಲೆ ಎರಡು ಕೋಣೆಯ ಮನೆ, ಮೀಟರು ಇದೆ. ಹೆಂಡತಿ, ಒಬ್ಬಳು ಮಗಳು, ಅವಳು ಓದು ಮುಗಿಸಿದ್ದಾಳೆ. ಬೆಸುಗೆ ಹಾಕುವ ಕಡ್ಡಿ ಮೂರು. ರೇಡಿಯೋ ಹದಿನಾಲ್ಕು, ಅದರಲ್ಲಿ ಒಂಬತ್ತು ಹಾಡುತ್ತವೆ, ಒಂದಕ್ಕೆ ಗಾಜಿನ ಮೇಲೆ ಸುಣ್ಣದ ಚುಕ್ಕೆ ಇದೆ. ಕುರಿ ಇಲ್ಲ. ಕಿವಿ ಎರಡು, ಎರಡೂ ಸರಿಯಾಗಿವೆ.